ಕಳ್ಳಕಡಲಿಗೊಂದು ರಿವಾಜು

ಮೈಮುನಾಳ ಬಾಯಿಗೆ ಹೆದರದವರು ಗುಂಡ್ಲುಪೇಟೆಯ ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಮನೆಯೊಳಗೆ ಉರ್ದು, ಬೀದಿಗಿಳಿದರೆ ಕನ್ನಡ. ಆದರೆ ಸಿಟ್ಟು ಬಂತೆಂದರೆ ಒಳಗೂ ಹೊರಗೂ ಕನ್ನಡವೇ. ಉರ್ದುವಿನಲ್ಲಿ ಬೈದರೆ ಬೈದಂತೆಯೇ ಆಗುವುದಿಲ್ಲ ಎಂಬುದು ಅವಳ ಅಭಿಪ್ರಾಯ. ಗಂಡ ಗೌಸ್ ಮೊಹಿದ್ದೀನ್ ಹಾಸಿಗೆ ಹೊಲಿಯುವವನು. ಜಗಲಿಯ ಮೇಲೆ ಅರಳೆ ಹರವಿಕೊಂಡು, ಕೈಯಲ್ಲಿ ದಬ್ಬಣ ಹಿಡಿದು ಕೂತನೆಂದರೆ ಹೆಂಡತಿಯ ಮಾತೆಲ್ಲ ಆ ಅರಳೆಯೊಳಗೇ ಹೂತುಹೋಗುತ್ತಿತ್ತು. ಅವರ ಸಂಸಾರ ಸುಸೂತ್ರವಾಗಿ ನಡೆದಿದ್ದೇ ಹೀಗೆ.

ಇಂಥ ಮೈಮುನಾ ಹೆದರುತ್ತಿದ್ದುದು ಒಂದಕ್ಕೆ, ತೇರಾ ತೇಜಿಗೆ. ಸಫರ್ ತಿಂಗಳ ಚಂದ್ರ ಕಂಡ ಮೇಲಿನ ಮೊದಲ ಹದಿಮೂರು ದಿನಗಳು ಅವು. ಆ ದಿನಗಳಲ್ಲಿ ಮದುವೆ ಮಾತಿಲ್ಲ, ಹೊಸ ಬಟ್ಟೆ ಇಲ್ಲ, ದೂರದ ಪ್ರಯಾಣ ಇಲ್ಲ. ಇದೆಲ್ಲ ಧರ್ಮದಲ್ಲಿ ಎಲ್ಲೂ ಇಲ್ಲ, ಬಿಡ್ರಮ್ಮ ಎಂದು ಮಸೀದಿಯ ಹಜರತರು ಹೇಳಿ ಹೇಳಿ ಸುಸ್ತಾಗಿದ್ದರು. ಮೈಮುನಾ ತಲೆಯ ಮೇಲೆ ಸೆರಗೆಳೆದುಕೊಂಡು ಹೂಂ ಹೂಂ ಎಂದು ಕೇಳಿ, ಮನೆಗೆ ಬಂದು ತನ್ನ ಅಜ್ಜಿ ಮಾಡಿದ್ದನ್ನೇ ಮಾಡುತ್ತಿದ್ದಳು. ಅಜ್ಜಿಯ ಮೇಲೆ ಹಜರತರು ಯಾವ ಲೆಕ್ಕ?

ಹಿರಿಮಗಳು ಸುಮಯ್ಯಳನ್ನು ಕೊಟ್ಟಿದ್ದು ಕೇರಳದ ಕಡಲಂಚಿಗೆ. ಚೆಂಡು ಹೂವಿನ ಕಾಲದಲ್ಲಿ ಅಲ್ಲಿಯ ವ್ಯಾಪಾರಿಗಳ ಜೊತೆ ಬಂದುಹೋಗುತ್ತಿದ್ದ ಸುಫಿಯಾನ್ ಎಂಬ ಹುಡುಗ ಅವಳನ್ನು ನೋಡಿದ, ಮನೆಗೆ ಬಂದು ಕೇಳಿದ, ಮದುವೆಯಾದ. ಕೋಳಿಕೋಡು ದಾಟಿ ಒಂದಷ್ಟು ದೂರ ಹೋದರೆ ದಂಡೆಯ ಮೇಲೇ ಅವನ ಮನೆ. ಮದುವೆಗೆ ಮುಂಚೆ ಮನೆ ನೋಡಿಕೊಂಡು ಬರಲು ಹೋದವನು ಗೌಸ್. ಆಗ ಚಳಿ ಕಳೆದು ಬಿಸಿಲು ಶುರುವಾಗಿತ್ತು, ಕಡಲು ಎಲ್ಲೋ ದೂರದಲ್ಲಿ ನಿದ್ದೆ ಮಾಡುತ್ತಿತ್ತು. ಗೌಸ್ ಬಾವಿಯ ನೀರು ಕುಡಿದು ನೋಡಿದ, ಸಿಹಿಯಾಗಿತ್ತು. ಗೋಡೆ ತಟ್ಟಿ ನೋಡಿದ, ಗಟ್ಟಿಯಾಗಿತ್ತು. ಹುಡುಗನಿಗೆ ಕೆಟ್ಟ ಚಟವಿಲ್ಲವೆಂದು ಚಹಾದಂಗಡಿಯಲ್ಲಿ ವಿಚಾರಿಸಿಕೊಂಡ. ವಾಪಸ್ ಬಂದವನೇ ಹೆಂಡತಿಗೆ, "ಮನೆ ಮುಂದೇನೇ ನೀರು ಕಣೆ. ಕೆರೆ ಏರಿ ಪಕ್ಕದ ಮನೆ ಇದ್ದಂಗೈತೆ, ತಂಪು," ಎಂದ. ಪಾಪ, ಗುಂಡ್ಲುಪೇಟೆಯವರು ಕಂಡ ನೀರೆಂದರೆ ಕೆರೆ. ಕೆರೆ ತುಂಬಬೇಕಾದರೆ ಮೊದಲು ಮೋಡ ಕಟ್ಟಬೇಕು, ಗಾಳಿ ಬೀಸಬೇಕು, ಹಳ್ಳ ಹರಿಯಬೇಕು. ಕಡಲೂ ಹಾಗೆಯೇ ಹೇಳಿ ಕೇಳಿ ಬರುತ್ತದೆಂದು ಇಬ್ಬರೂ ನಂಬಿಬಿಟ್ಟರು. ಸಂಬಂಧ ಬೆಳೆಸುವಾಗ ಕೇಳಬೇಕಾದ್ದನ್ನೆಲ್ಲ ಕೇಳಿದರು. ಆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಮಾತ್ರ ಕೇಳಲಿಲ್ಲ.

ಈಗ ಸುಮಯ್ಯ ತುಂಬು ಬಸುರಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ತೋರಿಸುವುದೆಂದೂ ಆಗಿತ್ತು. ಸುಫಿಯಾನ್ ಅವಳನ್ನು ಕರೆತಂದು ಬಿಡಲು ಹೊರಟೂ ಇದ್ದ. ಅಷ್ಟರಲ್ಲಿ ಸಫರ್ ಚಂದ್ರ ಕಂಡಿತು. "ಬ್ಯಾಡ ಬ್ಯಾಡ, ತೇರಾ ತೇಜೀಲಿ ಬಸುರಿ ಹೆಂಗ್ಸು ಕಾಡು ದಾಟಂಗಿಲ್ಲ. ಮುಗಿದ್ಮೇಲೆ ನಾವೇ ಬಂದು ಕರ್ಕೊಂಡ್ ಬತ್ತೀವಿ," ಎಂದು ಮೈಮುನಾ ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದಳು. ಬೀಗಿತಿ ಬಿಯ್ಯಾತುಮ್ಮನ ಕಡೆಯವರಿಗೆ ತೇರಾ ತೇಜಿ ಎಂದರೆ ಏನೆಂದೇ ಗೊತ್ತಿಲ್ಲ. ಆದರೂ ಹೆಣ್ಣಿನ ತವರಿನವರ ರಿವಾಜು ಎಂದು ಮರುಮಾತಾಡದೆ ಒಪ್ಪಿಕೊಂಡಿದ್ದರು.

ಈ ಬಿಯ್ಯಾತುಮ್ಮ ಉದ್ದನೆಯ, ಸಣಕಲು ಹೆಂಗಸು. ಮಗ, ಸೊಸೆ ಇಬ್ಬರಿಗೂ ಆಕೆ ಉಮ್ಮ, ಎಂದರೆ ಅಮ್ಮ. ತಲೆಯ ಮೇಲೆ ಸದಾ ಬಿಳಿ ಬಟ್ಟೆ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಆಕೆಗೆ ಮಲೆಯಾಳ ಬಿಟ್ಟು ಬೇರೆ ಬಾರದು, ಮೈಮುನಾಗೆ ಮಲೆಯಾಳ ಬಾರದು. ಮದುವೆಯ ದಿನ ಬೀಗಿತಿಯರಿಬ್ಬರೂ ಎದುರುಬದುರು ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ಬರೀ ಹಲ್ಲು ಕಿರಿದುಕೊಂಡಿದ್ದರು. ಮೈಮುನಾ ಬಾಯಿ ಮುಚ್ಚಿಕೊಂಡಿದ್ದ ದಿನ ಅದೊಂದೇ ಎಂದು ಬೀದಿಯವರು ಈಗಲೂ ನೆನೆಯುತ್ತಾರೆ.

ಆವತ್ತು ತೇರಾ ತೇಜಿಯ ಕೊನೆಯ ದಿನ. ಸಂಜೆಗೆ ಮೊಟ್ಟೆ, ಎಣ್ಣೆ, ಉದ್ದಿನ ಕಾಳನ್ನು ತಟ್ಟೆಯಲ್ಲಿ ಜೋಡಿಸಿ, ಮನೆಯವರ ತಲೆದಿಂಬಿನ ಪಕ್ಕದಲ್ಲಿಟ್ಟು, ಬೆಳಿಗ್ಗೆ ಎದ್ದು ಬಡವರಿಗೆ ಕೊಟ್ಟುಬಿಟ್ಟರೆ ಪೀಡೆ ಕಳೆಯಿತು. ನಾಳೆ ಕಾರು ಮಾಡಿಕೊಂಡು ಹೋಗಿ ಮಗಳನ್ನು ಕರೆತರುವುದು. ಮೈಮುನಾ ಮೊಟ್ಟೆಗಳನ್ನು ತರಿಸಿ, ಒಬ್ಬೊಬ್ಬರ ಹೆಸರಿಗೆ ಒಂದೊಂದೆಂದು ಬೇರೆ ಇಡುತ್ತಿದ್ದಾಗ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಕಿರಿಮಗಳು ತಹಸೀನ್. ಕಾಲೇಜಿಗೆಂದು ಚಾಮರಾಜನಗರದ ಬಸ್ಸು ಹತ್ತಿದ್ದವಳು ತೆರಕಣಾಂಬಿಯಲ್ಲೇ ಇಳಿದು, ಎದುರಿಗೆ ಬಂದ ಬಸ್ಸಿಗೆ ಕೈಯೊಡ್ಡಿ ವಾಪಸ್ ಬಂದಿದ್ದಳು.

"ಏನ್ ಕಣಮ್ಮಿ, ಕಾಲೇಜಿಗೆ ಬೀಗ ಜಡಿದವ್ರಾ?" ಎಂದಳು ಮೈಮುನಾ.

"ಅಮ್ಮಿ, ಸುಮಯ್ಯಾಪಾನ ಊರಲ್ಲಿ ಇವತ್ತು ಮಧ್ಯಾಹ್ನ ಕಡಲು ಒಳಕ್ಕೆ ನುಗ್ಗತ್ತಂತೆ. ಸರ್ಕಾರದವ್ರೇ ಎಚ್ಚರಿಕೆ ಕೊಟ್ಟವ್ರೆ, ನೋಡು," ಎಂದು ತಹಸೀನ್ ಫೋನು ಹಿಡಿದಳು.

ಜಗಲಿಯಿಂದ ಗೌಸ್ ತಲೆ ಎತ್ತಿ ಆಕಾಶ ನೋಡಿದ. ಗೋಪಾಲಸ್ವಾಮಿ ಬೆಟ್ಟದ ಕಡೆಗೂ ಒಂದು ತುಂಡು ಮೋಡವಿರಲಿಲ್ಲ. "ಗಾಳಿ ಇಲ್ಲ, ಮೋಡ ಇಲ್ಲ. ನೀರೇನು ಮೇಲಿಂದ ಉದುರತದಾ?" ಎಂದು ಮತ್ತೆ ದಬ್ಬಣಕ್ಕೆ ದಾರ ಪೋಣಿಸತೊಡಗಿದ.

"ಅಬ್ಬಾ, ಗಾಳಿ ಇಲ್ಲೇ ಬೀಸಬೇಕು ಅಂತಿಲ್ಲ. ದಕ್ಷಿಣದ ತುದೀಲಿ, ಹಿಮ ಇರೋ ಕಡೆ, ದೊಡ್ಡ ಬಿರುಗಾಳಿ ಎದ್ದಿರತ್ತೆ. ಅಲ್ಲೆದ್ದ ಅಲೆ ಎಷ್ಟೋ ದಿನ ಓಡಿ ಬಂದು ಇಲ್ಲಿ ಹೊಡೆಯತ್ತೆ. ಹುಣ್ಣಿಮೆ ಹತ್ತಿರ, ಉಬ್ಬರ ಬೇರೆ ಜೋರು."

"ಇದೊಳ್ಳೆ ಕತೆ ಆಯ್ತಲ್ಲ! ಸಂತೆಮರಹಳ್ಳೀಲಿ ಜಗಳ ಆದ್ರೆ ಗುಂಡ್ಲುಪೇಟೇಲಿ ಏಟು ಬಿದ್ದಂಗೆ."

"ಹಂಗೇ ಅಬ್ಬಾ. ಕಡಲು ಬಿಸಿ ಆಗ್ತಾ ಇದೆಯಲ್ಲ, ಅದಕ್ಕೇ ಆ ಬಿರುಗಾಳಿಗಳ ಜಾಗ, ಜೋರು ಎಲ್ಲಾ ಬದಲಾಗ್ತಿದೆ ಅಂತ ನಮ್ ಮೇಡಂ ಹೇಳ್ತಿದ್ರು. ಕೆಲವು ದಂಡೇಲಿ ದೊಡ್ಡ ಅಲೆ ಕಮ್ಮಿ ಆಗ್ಬೋದು, ಕೆಲವು ಕಡೆ ಹೆಚ್ಚಾಗ್ಬೋದು. ಜೊತೆಗೆ ಕಡಲೇ ಮೇಲಕ್ಕೆ ಬರ್ತಿದೆ. ಮೊದಲು ಮೆಟ್ಟಿಲ ತನಕ ಬಂದು ಹೋಗ್ತಿದ್ದ ಅಲೆ ಇನ್ಮೇಲೆ ಮನೆ ಒಳಗೇ ಬರ್ಬೋದು."

ಮೈಮುನಾಗೆ ಹಿಮವೂ ಅರ್ಥವಾಗಲಿಲ್ಲ, ಬಿರುಗಾಳಿಯೂ ಅರ್ಥವಾಗಲಿಲ್ಲ. ಮನೆ ಒಳಗೆ ಎಂಬುದು ಅರ್ಥವಾಯಿತು. ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಟ್ಟು ಮಗಳಿಗೆ ಫೋನು ಹಚ್ಚಿದಳು.

"ಇಲ್ಲೂ ಬಿಸಿಲೇ ಅಮ್ಮಿ. ತೆಂಗಿನ ಗರಿ ಸಹ ಅಲ್ಲಾಡ್ತಿಲ್ಲ," ಎಂದಳು ಸುಮಯ್ಯ. "ಅದಕ್ಕೇ ಇಲ್ಲಿಯವರು ಇದನ್ನ ಕಳ್ಳಕಡಲು ಅಂತಾರೆ. ಸದ್ದಿಲ್ಲದೆ ಬರತ್ತಂತೆ. ಪಂಚಾಯ್ತಿಯವರು ಮೈಕ್ ಹಿಡ್ಕೊಂಡು ಬಂದು ಎಲ್ಲಾರೂ ಸ್ಕೂಲಿಗೆ ಹೋಗಿ ಅಂದ್ರು. ಇವರು ದೋಣಿ ಎಳೆದು ಕಟ್ಟೋಕೆ ಬಂದರಿಗೆ ಹೋಗವ್ರೆ."

"ಮತ್ತೆ ನೀನ್ಯಾಕೆ ಇನ್ನೂ ಅಲ್ಲೇ ಕೂತಿದ್ದೀಯಾ?"

"ಉಮ್ಮ ಏಳ್ತಾ ಇಲ್ಲ. ಮದುವೆ ಆಗಿ ಬಂದಾಗಿಂದ ಈ ಕಡಲ ನೋಡ್ತಿದ್ದೀನಿ, ಅದು ಮೆಟ್ಟಿಲು ಮುಟ್ಟಿ ಹೋಗತ್ತೆ, ಅದಕ್ಕೆ ಹೆದರಿ ನಾನು ಮನೆ ಬಿಟ್ಟೋಳಲ್ಲ ಅಂತಾರೆ. ನನ್ನ ಹೋಗು ಅಂತಾರೆ. ಅವರೊಬ್ಬರನ್ನ ಬಿಟ್ಟು ನಾನು ಹೆಂಗೆ ಹೋಗ್ಲಿ ಅಮ್ಮಿ?"

ಸುಫಿಯಾನ್ ಹೊರಟಾಗಲೇ ಬಂದುಬಿಟ್ಟಿದ್ದರೆ ಮಗಳು ಈ ಹೊತ್ತು ಇದೇ ನಡುಮನೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದಳು. ಬೇಡ ಅಂದವರು ಯಾರು? ಕಡಲೂ ಅಲ್ಲ, ಬೀಗಿತಿಯೂ ಅಲ್ಲ. ತಾನು. ಕಾಡು ದಾಟಬೇಡ ಎಂದು ಮಗಳನ್ನು ನೀರಿನ ಬಾಯಲ್ಲಿ ಕೂರಿಸಿದವಳು ತಾನೇ.

"ಮಾದೇಶ ಇವತ್ತು ಕೇರಳಕ್ಕೆ ಹೂ ಹಾಕ್ಕೊಂಡು ಹೋಗವ್ನೆ ಅಲ್ವಾ?" ಎಂದಳು.

ಮಾದೇಶ ಎದುರು ಮನೆಯವನು. ಓಣಂ ಹತ್ತಿರ ಬಂದರೆ ಅವನ ಪಿಕಪ್ಪಿಗೆ ಬಿಡುವಿಲ್ಲ; ಸುತ್ತಲಿನ ಹೊಲಗಳ ಚೆಂಡು ಹೂವನ್ನು ಕೋಳಿಕೋಡಿನ ಮಾರುಕಟ್ಟೆಗೆ ಸುರಿದು ಬರುವುದೇ ಕೆಲಸ. ಗೌಸ್ ಹೆಂಡತಿಯ ಮುಖ ನೋಡಿದ. "ಇವತ್ತು ತೇರಾ ತೇಜಿ ಕಣೆ," ಎಂದ.

"ತೇರಾ ತೇಜಿ ಮನೆ ಹಾಳಾಗ!" ಎಂದುಬಿಟ್ಟಳು ಮೈಮುನಾ. ಅಂದ ಕೂಡಲೇ ತಾನೇ ಬೆಚ್ಚಿ ಕೆನ್ನೆ ಕೆನ್ನೆ ಬಡಿದುಕೊಂಡು, "ತೌಬಾ, ತೌಬಾ," ಎಂದಳು. ಆದರೆ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಗೌಸ್ ದಬ್ಬಣ ಕೆಳಗಿಟ್ಟ. ಬೆಳಗಿನ ಹೊತ್ತು ಅವನು ದಬ್ಬಣ ಕೆಳಗಿಟ್ಟಿದ್ದನ್ನು ತಹಸೀನ್ ಕಂಡಿದ್ದು ಅದೇ ಮೊದಲು.

ಮೈಮುನಾ ಫೋನು ಮಾಡಿದಾಗ ಮಾದೇಶ ಕೋಳಿಕೋಡಿನಲ್ಲಿ ಹೂವಿಳಿಸಿ ಚಹಾ ಕುಡಿಯುತ್ತಿದ್ದ. ವಿಷಯ ಕೇಳಿದವನೇ, "ಅಯ್ಯೋ, ಅದ್ಕೇನಕ್ಕ, ಸುಮಯ್ಯ ನಮ್ಮನೆ ಮಗಳಲ್ವಾ. ಈಗ್ಲೇ ಒಂಟೆ ಬುಡು," ಎಂದು ಲೋಟ ಇಟ್ಟು ಗಾಡಿ ಹತ್ತಿದ. ಹೇಳಿದಂತೆಯೇ ಮನೆ ಹುಡುಕಿಕೊಂಡು ಹೋದ. ಹೋದವನು ಅಲ್ಲಿಂದ ಫೋನು ಮಾಡಿ, "ಅಕ್ಕ, ಇಲ್ಲಿ ಬೇರೆ ರಾಮಾಯಣ ಸುರು ಆಗದೆ. ಅತ್ತೆ ಬಾರದೆ ಸೊಸೆ ಬರಾಕಿಲ್ಲ ಅಂತದೆ. ಅತ್ತೆ ಜಗಲಿ ಬುಟ್ಟು ಏಳಾಕಿಲ್ಲ. ನಂಗೆ ಅವರ ಮಾತು ಅರ್ಥ ಆಗಾಕಿಲ್ಲ. ಸಮುದ್ರ ನೋಡುದ್ರೆ ಯಾಕೋ ಒಂಥರಾ ಉಬ್ಬುಬ್ಬಿ ಬತ್ತಾ ಅದೆ," ಎಂದ.

"ಅತ್ತೆ ಕೈಗೆ ಫೋನ್ ಕೊಡು. ಸ್ಪೀಕರ್ ಹಾಕು. ಸುಮಯ್ಯಾನ ಪಕ್ಕದಲ್ಲಿ ನಿಲ್ಸು, ನಾನು ಹೇಳಿದ್ದನ್ನ ಅವಳು ಮಲೆಯಾಳದಲ್ಲಿ ಹೇಳಬೇಕು," ಎಂದಳು ಮೈಮುನಾ.

ಫೋನು ಕೈಗೆ ಹೋಯಿತೇನೋ ಸರಿ, ಏನು ಹೇಳುವುದು? ಬನ್ನಿ ಎಂದು ಮಗ ಬೇಡಿಕೊಂಡಾಗಿತ್ತು, ಸೊಸೆ ಬೇಡಿಕೊಂಡಾಗಿತ್ತು, ಮೈಕಿನವರೂ ಕೂಗಿಹೋಗಿದ್ದರು. ಬೈಯೋಣವೆಂದರೆ ಬೀಗಿತಿ. ಬೇಡಿಕೊಳ್ಳೋಣವೆಂದರೆ ಅದು ಮೈಮುನಾಗೆ ಅಭ್ಯಾಸವಿಲ್ಲ. ಫೋನಿನಲ್ಲಿ ಅಲೆಯ ಸದ್ದು ಕೇಳುತ್ತಿತ್ತು, ಬೀಗಿತಿಯ ಉಸಿರೂ ಕೇಳುತ್ತಿತ್ತು. ಅಷ್ಟರಲ್ಲಿ ಮೈಮುನಾಳ ಕಣ್ಣು ತಟ್ಟೆಯ ಮೊಟ್ಟೆಗಳ ಮೇಲೆ ಬಿತ್ತು.

"ಬೀಗಿತಿಯೋರೇ, ಸಲಾಂ. ಇವತ್ತು ತೇರಾ ತೇಜಿ, ನಿಮಗೆ ಗೊತ್ತಲ್ಲ? ಬಸುರಿ ಪ್ರಯಾಣ ಮಾಡಂಗಿಲ್ಲ. ಆದ್ರೆ ನಮ್ಮಲ್ಲಿ ಇನ್ನೊಂದು ರಿವಾಜು ಐತೆ. ಗಂಡನ ಮನೆ ಹಿರೀ ಹೆಂಗ್ಸು ಬಸುರಿ ಕೈ ಹಿಡ್ಕೊಂಡು, ಬಾಗಿಲಿಂದ ಬಾಗಿಲವರೆಗೆ ಬಿಡದೆ ಕರ್ಕೊಂಡು ಬಂದ್ರೆ ದೋಷ ಇಲ್ಲ. ಬೇರೆ ಯಾರು ಕರ್ಕೊಂಡು ಬಂದ್ರೂ ಆಗಲ್ಲ. ನೀವು ಬರಲ್ಲ ಅಂದ್ರೆ ನನ್ನ ಮಗಳೂ ಬರಂಗಿಲ್ಲ. ಅಲ್ಲೇ ಇರಲಿ. ಆಮೇಲೆ ಆಗಿದ್ದು ಆಗಲಿ."

ಗೌಸ್ ಬಾಯಿ ತೆರೆದ. ಅವನ ಅಜ್ಜಿ ಕಾಲದಿಂದಲೂ ಇಂಥ ರಿವಾಜನ್ನು ಅವನು ಕೇಳಿರಲಿಲ್ಲ. ಮೈಮುನಾ ಕಣ್ಣು ಕೆಕ್ಕರಿಸಿದಳು, ಅವನು ತೆರೆದ ಬಾಯಿ ಮುಚ್ಚಿದ. ಅತ್ತ ಸುಮಯ್ಯಳಿಗೂ ಇದು ಹೊಸದೇ. ಹುಟ್ಟಿದಾಗಿಂದ ಈ ತಾಯಿಯ ಮಗಳು. ಯಾವ ರಿವಾಜು ಹಳೆಯದು, ಯಾವುದು ಈಗ ತಾನೇ ಹುಟ್ಟಿದ್ದು ಎಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಗಂಟಲು ಸರಿಮಾಡಿಕೊಂಡು ಅಷ್ಟನ್ನೂ ಮಲೆಯಾಳದಲ್ಲಿ ಹೇಳಿದಳು. ಬಿಯ್ಯಾತುಮ್ಮ ಏನು ಅಂದಳೋ ಕೇಳಿಸಲಿಲ್ಲ. ಫೋನು ಕಟ್ಟಾಯಿತು.

ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ.

ಮೈಮುನಾ ಮಾದೇಶನಿಗೆ ಮಾಡಿದಳು, ಅವನು ಎತ್ತಲಿಲ್ಲ. ಸುಮಯ್ಯಳಿಗೆ ಮಾಡಿದಳು, ರಿಂಗಾಗಿ ರಿಂಗಾಗಿ ನಿಂತಿತು. ಸುಫಿಯಾನನದು ಸಿಗಲೇ ಇಲ್ಲ. ಮತ್ತೆ ಮಾದೇಶ, ಮತ್ತೆ ಸುಮಯ್ಯ. ಕೊನೆಗೆ ಮಾದೇಶನ ಫೋನು ಸ್ವಿಚ್ ಆಫ್ ಎಂದು ಒಬ್ಬಳು ಹುಡುಗಿ ಬಹಳ ನಯವಾಗಿ ಹೇಳಿದಳು. ಮೈಮುನಾ ಆ ಹುಡುಗಿಗೂ ಬೈದಳು. ಸ್ವಲ್ಪ ಹೊತ್ತಿನ ಮೇಲೆ ಸುಮಯ್ಯಳ ಫೋನು ರಿಂಗಾಗುವುದೂ ನಿಂತುಹೋಯಿತು. ಒಲೆ ಹಚ್ಚಲಿಲ್ಲ. ಮಧ್ಯಾಹ್ನದ ನಮಾಜಿಗೆ ನಿಂತರೆ ಓದುತ್ತಿದ್ದುದು ಮರೆತುಹೋಗಿ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ನಮಾಜು ಮುಗಿಯುವಷ್ಟರಲ್ಲಿ ತಹಸೀನಳ ಫೋನಿನಲ್ಲಿ ಒಂದು ವಿಡಿಯೊ ಬಂತು. ಸುಮಯ್ಯಳ ಊರಿನ ಪಕ್ಕದ ದಂಡೆ. ಮೇಲೆ ನೀಲಿ ಆಕಾಶ, ಫಳಫಳ ಬಿಸಿಲು. ಕಲ್ಲಿನ ತಡೆಗೋಡೆಯ ಆಚೆಯಿಂದ ನೀರು ಗುಡ್ಡದಂತೆ ಎದ್ದು, ಗೋಡೆ ಹತ್ತಿ, ರಸ್ತೆ ದಾಟಿ ಮನೆಗಳ ನಡುವೆ ಓಡಿತು. ದೋಣಿಯೊಂದು ರಸ್ತೆಯಲ್ಲಿ ಅಡ್ಡಡ್ಡ ತಿರುಗುತ್ತಿತ್ತು. ಅಷ್ಟು ನೀರಿದ್ದರೂ ಹಿಂದಿನ ತೆಂಗಿನ ಗರಿಗಳು ಅಲ್ಲಾಡದೆ ನಿಂತಿದ್ದವು. ಗೌಸ್ ಆ ಗರಿಗಳನ್ನೇ ನೋಡುತ್ತ, "ಗಾಳಿ ಇಲ್ಲ ಕಣೆ. ನಿಜವಾಗ್ಲೂ ಗಾಳಿ ಇಲ್ಲ," ಎಂದ.

"ಸ್ಕೂಟರ್ ತೆಗೀರಿ," ಎಂದಳು ಮೈಮುನಾ.

"ಎಲ್ಲಿಗೆ? ಕಡಲಿಗಾ?"

"ಮದ್ದೂರು ಗೇಟಿಗೆ. ಕಾಡಿನ ಆಚೆ ಏನಾಗೈತೋ ಅಲ್ಲಾನೇ ಬಲ್ಲ. ಬರೋದಾದ್ರೆ ಅಲ್ಲಿಂದಾನೇ ಬರಬೇಕು. ಮನೇಲಿ ಕೂತು ಸಾಯೋ ಬದಲು ಅಲ್ಲೇ ನಿಂತು ಕಾಯ್ತೀನಿ."

ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ದಾರಿ ಕಾಡಿಗೆ ಹೊಗುವುದು ಮದ್ದೂರಿನ ಅರಣ್ಯ ಗೇಟಿನಲ್ಲಿ. ಅದರಾಚೆ ಫೋನಿಗೆ ಸಿಗ್ನಲ್ಲೂ ಇಲ್ಲ, ಮನುಷ್ಯರೂ ಇಲ್ಲ. ದಾರಿಯ ಎರಡೂ ಕಡೆ ಚೆಂಡು ಹೂವಿನ ಹೊಲಗಳು ಕಣ್ಣು ಕುಕ್ಕುವಷ್ಟು ಹಳದಿಯಾಗಿದ್ದವು, ರಸ್ತೆ ಬದಿ ಕಾರು ನಿಲ್ಲಿಸಿ ಜನ ಫೋಟೊ ಹೊಡೆಸಿಕೊಳ್ಳುತ್ತಿದ್ದರು. ಆ ನಗುಮುಖಗಳನ್ನು ಕಂಡು ಮೈಮುನಾಗೆ ಮೈಯೆಲ್ಲ ಉರಿಯಿತು. ಲೋಕಕ್ಕೆ ಏನೂ ಆಗಿಲ್ಲ ಎಂಬಂತಿತ್ತು.

ಗೇಟಿನ ಪಕ್ಕದ ಬೇವಿನ ಮರದಡಿ ನಿಂತು ಕಾಡಿನಿಂದ ಹೊರಬಂದ ಗಾಡಿಗಳಿಗೆಲ್ಲ ಮೈಮುನಾ ಕೈ ಅಡ್ಡ ಹಿಡಿದಳು. ಬಾಳೆಕಾಯಿ ಲಾರಿಯವನು ಗೊತ್ತಿಲ್ಲ ಎಂದ. ಬಸ್ಸಿನ ಕಂಡಕ್ಟರು ತಲೆಯಾಡಿಸಿದ. ಮೀನಿನ ಗಾಡಿಯ ಮಲೆಯಾಳಿ ಡ್ರೈವರು ಹರುಕು ಕನ್ನಡದಲ್ಲಿ, ಕಡಲು ಬಂದಿದ್ದು ನಿಜ, ಮನೆಗಳು ಬಿದ್ದಿದ್ದೂ ನಿಜ, ಜನ ಎಷ್ಟು ಬಚಾವಾದರು ತನಗೆ ಗೊತ್ತಿಲ್ಲ ಎಂದು ಹೇಳಿ ಹೋದ. ಮೈಮುನಾ ರಸ್ತೆಯ ಕಲ್ಲಿನ ಮೇಲೆ ಕುಸಿದು ಕೂತಳು.

"ನಾನೇ ಕೊಂದೆ ಕಣ್ರೀ," ಎಂದಳು. "ಹದಿಮೂರು ದಿನ ಹದಿಮೂರು ದಿನ ಅಂತ ಕುಣಿದೆ. ಸುಳ್ಳು ರಿವಾಜು ಬೇರೆ ಹೇಳಿದೆ. ಆ ಹೆಂಗ್ಸು ಬರಲ್ಲ ಅಂತ ಹಟ ಹಿಡಿದಿದ್ರೆ? ಬರಂಗಿಲ್ಲ, ಅಲ್ಲೇ ಇರಲಿ ಅಂತ ನನ್ನ ಬಾಯಿಂದಲೇ ಅಂದುಬುಟ್ನಲ್ಲ!"

ಗೌಸ್ ಸಮಾಧಾನದ ಮಾತಾಡುವವನಲ್ಲ. ಪಕ್ಕದಲ್ಲಿ ಕೂತು ಅವಳ ಬುರ್ಖಾಕ್ಕೆ ಅಂಟಿದ್ದ ಅರಳೆಯ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಗೇಟಿನವನು ನೀರು ತಂದುಕೊಟ್ಟ. ಬಿಸಿಲು ಇಳಿಯುತ್ತ ಬಂತು, ಮರದ ಕೋತಿಗಳು ಕೆಳಗಿಳಿದು ಬಂದು ಇವರನ್ನು ನೋಡಿಕೊಂಡು ಹೋದವು. ಒಂದು ಪಿಕಪ್ಪು ಬಂತು, ಮೈಮುನಾ ಓಡಿದಳು. ಅದು ತೆರಕಣಾಂಬಿಯ ಟೊಮೆಟೊ ಗಾಡಿ. ಇನ್ನೊಂದು ಬಂತು, ಅದೂ ಅಲ್ಲ. ಮೂರನೆಯದು ಬಂದಾಗ ಅವಳಿಗೆ ಏಳುವ ಧೈರ್ಯವಾಗಲಿಲ್ಲ. ಏಳದೆ ಇದ್ದರೆ ಅದು ಅವರದೇ ಇರಬಹುದೆಂಬ ಆಸೆಯಾದರೂ ಉಳಿಯುತ್ತದಲ್ಲ.

"ಮೈಮುನಕ್ಕಾ!" ಎಂದು ಯಾರೋ ಹಾರನ್ ಒತ್ತಿ ಕೂಗಿದರು.

ಮಾದೇಶನೇ. ಅವನ ಪಕ್ಕದಲ್ಲಿ ಬಿಳಿ ತಲೆವಸ್ತ್ರ. ಅದರಾಚೆ, ಕಿಟಕಿಯ ಹತ್ತಿರ, ಬೆವರಿ ಸುಸ್ತಾದ ಸುಮಯ್ಯ.

ಯಾ ಅಲ್ಲಾ! ಆ ಗಳಿಗೆಯ ಸುಖ ಏನೆಂದು ಹೇಳುವುದು? ಮೈಮುನಾಳ ಕಾಲಲ್ಲಿ ಬಲ ಬಂತು, ಮೈ ಹಗುರಾಯಿತು, ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಮಾತ್ರ ಅಭ್ಯಾಸಬಲದಿಂದ ಬೈಗುಳವೇ ಬಂತು. "ಲೋ ಮಾದೇಶ, ನಿನ್ ಫೋನಿಗೆ ಏನಾಗಿತ್ತೋ? ಮಣ್ಣಾಗಿತ್ತಾ?"

"ಬಯ್ಯಿ ಅಕ್ಕ, ಬಯ್ಯಿ," ಎಂದು ಮಾದೇಶ ನಗುತ್ತ ಕೆಳಗಿಳಿದ. "ಘಾಟ್ ರೋಡಲ್ಲಿ ಬಸುರಿ ಎಣ್ಮಗಳ ಕೂರಿಸ್ಕಂಡು ತಿರುವಲ್ಲಿ ಗಾಡಿ ತಿರುಗಿಸ್ತಾ ಇವ್ನಿ, ನೀನು ಬುಡದಂಗೆ ಬಡ್ಕತಾ ಇದ್ದೀಯ. ಫೋನ್ ಎತ್ತುದ್ರೆ ಸೀದಾ ಕಮರಿಗೆ ಓಗ್ಬೇಕಾಗಿತ್ತು. ಆಫ್ ಮಾಡ್ಬುಟ್ಟೆ. ಆಮೇಕೆ ಲಾರಿ ಕೆಟ್ಟು ನಿಂತು ದೊಡ್ಡ ಬ್ಲಾಕು, ಅದಾದ್ಮೇಲೆ ಕಾಡು."

"ನಾನು ಫೋನು ಚಾರ್ಜಿಗೆ ಹಾಕಿದ್ದು ಅಲ್ಲೇ ಮರೆತು ಬಂದೆ ಅಮ್ಮಿ," ಎಂದಳು ಸುಮಯ್ಯ.

ಸೀಟಿನ ಮೇಲೆ ಹೂವಿನ ಖಾಲಿ ಚೀಲಗಳನ್ನು ಮಡಿಸಿ ಮಡಿಸಿ ಮಾದೇಶ ಮೆತ್ತೆ ಮಾಡಿಕೊಟ್ಟಿದ್ದ. ಅತ್ತೆ ಸೊಸೆ ಇಬ್ಬರ ಬಟ್ಟೆಯ ತುಂಬ ಚೆಂಡು ಹೂವಿನ ಎಸಳುಗಳು. ಮೈಮುನಾ ಮಗಳನ್ನು ತಬ್ಬಿಕೊಳ್ಳಲು ಹೋದಳು, ತಬ್ಬಿಕೊಳ್ಳಲಾಗಲಿಲ್ಲ. ಬಿಯ್ಯಾತುಮ್ಮ ಸುಮಯ್ಯಳ ಕೈ ಹಿಡಿದುಕೊಂಡೇ ಇದ್ದಳು. ಗಾಡಿಯಿಂದ ಇಳಿಯುವಾಗಲೂ ಬಿಡಲಿಲ್ಲ, ನೆಲಕ್ಕೆ ಕಾಲಿಟ್ಟ ಮೇಲೂ ಬಿಡಲಿಲ್ಲ.

"ಮನೆ ಬಾಗಿಲಲ್ಲಿ ಹಿಡಿದಿದ್ದು ಅಮ್ಮಿ," ಎಂದಳು ಸುಮಯ್ಯ ಮೆಲ್ಲಗೆ. "ದಾರೀಲಿ ನೀರು ಕುಡಿಯುವಾಗಲೂ ಇನ್ನೊಂದು ಕೈಯಲ್ಲೇ ಕುಡಿದ್ರು. ಅವರ ಕೈ ಜೋಮು ಹಿಡಿದಿದೆ. ನಿನ್ನ ಬಾಗಿಲು ದಾಟೋವರೆಗೆ ಬಿಡಲ್ಲ ಅಂತಾರೆ."

ಮೈಮುನಾಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ಹೆಂಗಸಿನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಅದನ್ನು ಯಾವ ಭಾಷೆಯಲ್ಲಿ ಹೇಳುವುದೆಂದು ತಿಳಿಯದೆ, ತನ್ನ ಬುರ್ಖಾದ ತುದಿಯಿಂದ ಬೀಗಿತಿಯ ಮುಖದ ಧೂಳು ಒರೆಸಿದಳು. ಬಿಯ್ಯಾತುಮ್ಮ ಮದುವೆಯ ದಿನದ ಹಾಗೆಯೇ ನಕ್ಕಳು.

ಗುಂಡ್ಲುಪೇಟೆಯ ಮನೆಯ ಹೊಸ್ತಿಲು ದಾಟಿದ ಮೇಲೆಯೇ ಆ ಕೈ ಬಿಟ್ಟಿದ್ದು. ತಹಸೀನ್ ಅಕ್ಕನನ್ನು ಕೂರಿಸಿ ಕಾಲು ಒತ್ತಿದಳು. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು. ಹೊಟ್ಟೆಯಲ್ಲಿ ಮಗು ಒದೆಯುತ್ತಿದೆ ಎಂದು ಸುಮಯ್ಯ ಹೇಳಿದಾಗ ಮೈಮುನಾ ಕೈಯಿಟ್ಟು ನೋಡಿ, "ಒದಿ ರಾಜ, ಒದಿ. ಅಜ್ಜಿಗೇ ಒದಿ," ಎಂದಳು. ಬೆಳಿಗ್ಗೆಯಿಂದ ತಣ್ಣಗಿದ್ದ ಒಲೆ ಹತ್ತಿತು. ಗೌಸ್ ತಾನೇ ಹೋಗಿ ಕೋಳಿ ತಂದ.

ಸಂಜೆಯ ಅಜಾನ್ ಆಗುತ್ತಿದ್ದಂತೆ ಸುಫಿಯಾನನ ಫೋನು ಬಂತು. ಅವನಿಗೆ ಏನೂ ಆಗಿರಲಿಲ್ಲ, ಊರವರೆಲ್ಲ ಸ್ಕೂಲಿನಲ್ಲಿದ್ದರು. ಹೆಂಡತಿ, ತಾಯಿ ಇಬ್ಬರೂ ಗುಂಡ್ಲುಪೇಟೆಯಲ್ಲಿ ಅನ್ನ ಉಣ್ಣಲು ಕೂತಿದ್ದಾರೆಂದು ಕೇಳಿ ಹುಡುಗ ಫೋನಿನಲ್ಲೇ ಅತ್ತುಬಿಟ್ಟ. ಆಮೇಲೆ ಒಂದು ಫೋಟೊ ಕಳಿಸಿದ. ತಹಸೀನ್ ನೋಡಿ, ತೋರಿಸಲೋ ಬೇಡವೋ ಎಂದು ತಡವರಿಸಿದಳು. ಬಿಯ್ಯಾತುಮ್ಮ ತಾನಾಗಿಯೇ ಕೈ ಚಾಚಿದಳು.

ಸುಮಯ್ಯ ಮಲಗುತ್ತಿದ್ದ ಕೋಣೆ. ಕಡಲ ಕಡೆಯ ಗೋಡೆ ಇರಲಿಲ್ಲ. ಗೋಡೆಯಿದ್ದ ಜಾಗದಲ್ಲಿ ಆಕಾಶವಿತ್ತು. ಮಂಚದ ಎತ್ತರಕ್ಕೆ ಮರಳು ತುಂಬಿತ್ತು. ಬಿಯ್ಯಾತುಮ್ಮ ಬೆಳಿಗ್ಗೆ ಹಟ ಹಿಡಿದು ಕೂತಿದ್ದ ಜಗಲಿ ಎಲ್ಲಿತ್ತೆಂದು ಹುಡುಕಬೇಕಾಗಿತ್ತು. ಮದುವೆಗೆಂದು ಗೌಸ್ ಹೊಲಿದುಕೊಟ್ಟಿದ್ದ ಹಾಸಿಗೆ ದೂರದ ತಡೆಗೋಡೆಯ ಕಲ್ಲುಗಳ ಮೇಲೆ ನೇತಾಡುತ್ತಿತ್ತು.

ಗೌಸ್ ಮಗಳನ್ನೊಮ್ಮೆ ನೋಡಿದ, ಫೋಟೊವನ್ನೊಮ್ಮೆ ನೋಡಿದ. "ಹಾಸಿಗೆ ತಾನೇ? ಹೋಗ್ಲಿ ಬುಡು. ಇನ್ನೊಂದು ಹೊಲಿತೀನಿ, ಇದಕ್ಕಿಂತ ಮೆತ್ತಗೆ," ಎಂದು ಅರಳೆಯ ಕಡೆ ಮುಖ ತಿರುಗಿಸಿ ಮೂಗು ಒರೆಸಿಕೊಂಡ.

ಬಿಯ್ಯಾತುಮ್ಮ ಬಹಳ ಹೊತ್ತು ಆ ಫೋಟೊ ನೋಡಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಸೊಸೆಗೆ ನಿಧಾನವಾಗಿ ಏನೋ ಹೇಳಿದಳು.

"ನಾನು ಮದುವೆಯಾಗಿ ಬಂದಾಗ ಮನೆಗೂ ಕಡಲಿಗೂ ನಡುವೆ ದೊಡ್ಡ ತೆಂಗಿನ ತೋಟ ಇತ್ತು, ಆ ಮರಗಳು ಒಂದೊಂದಾಗಿ ಹೋದವು, ಕಡಲು ಹತ್ತಿರ ಬರ್ತಿರೋದು ನನಗೆ ಕಾಣದೆ ಇರಲಿಲ್ಲ ಅಂತಿದ್ದಾರೆ," ಎಂದು ಸುಮಯ್ಯ ತಾಯಿಗೆ ತಿಳಿಸಿದಳು. "ಅದಕ್ಕೆ ಹೆದರಿ ಓಡಿದಳು ಅಂತ ಊರವರು ಆಡ್ಕೋಬಾರದು ಅಂತ ಕೂತಿದ್ದರಂತೆ. ಸೊಸೇನ ತವರಿಗೆ ಬಿಡೋಕೆ ಹೋದಳು ಅಂದ್ರೆ ಯಾರೂ ಏನೂ ಅನ್ನಲ್ಲವಂತೆ."

ಮೈಮುನಾ ತಟ್ಟೆ ಎಳೆದುಕೊಂಡು ಮೊಟ್ಟೆ ಜೋಡಿಸತೊಡಗಿದಳು. ಗಂಡನ ಹೆಸರಿಗೆ ಒಂದು, ತನ್ನದೊಂದು, ಮಕ್ಕಳವು, ಅಳಿಯನದು, ಹೊಟ್ಟೆಯೊಳಗಿನ ಕೂಸಿನದು. ಆಮೇಲೆ ಬುಟ್ಟಿಗೆ ಕೈ ಹಾಕಿ ಬೀಗಿತಿಯ ಹೆಸರಿಗೊಂದು ತೆಗೆದಳು. ಮಾದೇಶನ ಹೆಸರಿಗೂ ಒಂದು ಇಟ್ಟಳು. ಅವನಿಗೂ ತೇರಾ ತೇಜಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಬಿಯ್ಯಾತುಮ್ಮ ಇದನ್ನೆಲ್ಲ ಶ್ರದ್ಧೆಯಿಂದ ನೋಡುತ್ತ ಮತ್ತೇನೋ ಕೇಳಿದಳು.

"ಕೈ ಹಿಡ್ಕೊಂಡು ಬಂದ ಹಿರೀ ಹೆಂಗಸು ಯಾವಾಗ ವಾಪಸ್ ಹೋಗಬೇಕು ಅಂತ ನಿಮ್ಮ ರಿವಾಜಲ್ಲಿ ಏನಾದ್ರೂ ಐತಾ ಅಂತ ಕೇಳ್ತಾರೆ," ಎಂದಳು ಸುಮಯ್ಯ.

ಗೋಡೆ ಇಲ್ಲದ ಆ ಮನೆಗೆ ವಾಪಸ್ ಹೋಗುವುದು! ಮೈಮುನಾ ಒಂದು ಗಳಿಗೆಯೂ ಯೋಚಿಸಲಿಲ್ಲ. "ಐತೆ, ಯಾಕಿಲ್ಲ? ಮಗು ಹುಟ್ಟಿ, ನಲವತ್ತು ದಿನ ಕಳೆದು, ಅದು ಬೋರಲು ಬಿದ್ದು, ಅಂಬೆಗಾಲಿಟ್ಟು, ಈ ಹೊಸ್ತಿಲು ತಾನೇ ದಾಟೋವರೆಗೆ ಹಿರೀ ಹೆಂಗ್ಸು ಈ ಮನೆ ಬಿಟ್ಟು ಹೋಗಂಗಿಲ್ಲ. ಹೋದ್ರೆ ಮಗೂಗೆ ಒಳ್ಳೇದಲ್ಲ. ನಮ್ಮಜ್ಜಿ ಇದ್ರಲ್ಲಿ ಬಲು ಕಟ್ಟುನಿಟ್ಟು."

ಸುಮಯ್ಯ ಅತ್ತೆಗೆ ಹೇಳಿದಳು. ಬಿಯ್ಯಾತುಮ್ಮ ಗಂಭೀರವಾಗಿ ಪೂರ್ತಿ ಕೇಳಿಸಿಕೊಂಡಳು, ತಲೆಯಾಡಿಸಿದಳು, ಆಮೇಲೆ ಒಂದೇ ಒಂದು ಮಾತು ಹೇಳಿದಳು. ಅದನ್ನು ಕೇಳಿ ಸುಮಯ್ಯ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಳು.

"ಏನಂತೆ ಕಣಮ್ಮಿ? ಹೇಳೇ!"

"ಅಮ್ಮಿ, ಉಮ್ಮ ಕೇಳ್ತಾರೆ, ಬೆಳಿಗ್ಗೆ ಫೋನಲ್ಲಿ ಹೇಳಿದ ರಿವಾಜನ್ನೂ ನೀನು ಹಿಂಗೇ ನಿಂತ ಕಾಲಲ್ಲೇ ಕಟ್ಟಿದ್ದಾ ಅಂತ."

ಮೈಮುನಾಳ ಬಾಯಿಗೆ, ಜೀವಮಾನದಲ್ಲಿ ಎರಡನೆಯ ಸಲ, ಮಾತು ಹತ್ತಲಿಲ್ಲ. ಮುಖ ಕೆಂಪಾಯಿತು. ಗೌಸ್ ಜಗಲಿಯ ಮೇಲೆ ಅರಳೆ ಹಾರಿಹೋಗುವಂತೆ ನಕ್ಕ, ತಹಸೀನ್ ನಕ್ಕಳು, ಬಿಯ್ಯಾತುಮ್ಮ ನಕ್ಕಳು. ಮೈಮುನಾ ಮಾತ್ರ ನಗಲು ಹೋಗಿ ಗಳಗಳನೆ ಅತ್ತುಬಿಟ್ಟಳು. ಬೆಳಿಗ್ಗೆಯಿಂದ ಎದೆಯಲ್ಲಿ ಕಟ್ಟಿಕೊಂಡಿದ್ದುದೆಲ್ಲ ಹೊರಗೆ ಬಂತು.

ಬಿಯ್ಯಾತುಮ್ಮ ಅವಳನ್ನು ಸಮಾಧಾನ ಮಾಡಲಿಲ್ಲ. ಇನ್ನೂ ಜೋಮು ಬಿಡದ ಕೈಯನ್ನು ಚಾಚಿ, ತನ್ನ ಹೆಸರಿನ ಮೊಟ್ಟೆಯನ್ನು ತಟ್ಟೆಯಿಂದ ತಾನೇ ಎತ್ತಿಕೊಂಡಳು. ಆ ಮನೆಯಲ್ಲೇ ಹುಟ್ಟಿ ಬೆಳೆದವಳ ಹಾಗೆ ಎದ್ದು ಒಳಕೋಣೆಗೆ ಹೋಗಿ, ತನ್ನ ತಲೆದಿಂಬು ಯಾವುದೆಂದು ಕೈಸನ್ನೆಯಲ್ಲಿ ಕೇಳಿದಳು.